ಬೆಣ್ಣೆ ಚಹಾ ಬಿದ್ದ ಹಾಳೆ

"ಅದಕ್ಕ ಬ್ಲೇಡ್ ಹಚ್ಚಬ್ಯಾಡ, ತಸ್ಲೀಮಾ," ಎಂದಳು ಭಾಗ್ಯಶ್ರೀ, ಬಾಗಿಲಲ್ಲೇ ನಿಂತು. "ಅಪ್ಪಾಜಿ ಜೀವಾನ ಇತ್ತು ಅದರಾಗ."

ತಸ್ಲೀಮಾ ಅಷ್ಟರಲ್ಲಿ ಬ್ಲೇಡಿನ ತುದಿಯನ್ನು ನೋಟ್‌ಬುಕ್ಕಿನ ಬೆನ್ನಿನ ಬಟ್ಟೆಗೆ ತಾಗಿಸಿಯಾಗಿತ್ತು. ಮೈಮೇಲೆ ಖಾಕಿ ಬರುವ ಮೊದಲು ಆಕೆ ಹುಬ್ಬಳ್ಳಿ ಕಮರಿಪೇಟೆಯ ಬೈಂಡರ್ ಅಹಮದಸಾಬರ ಮಗಳು. ದಬ್ಬಣ, ನೂಲು, ಮೈದಾ ಅಂಟಿನ ಡಬ್ಬಿಗಳ ನಡುವೆಯೇ ಅಂಬೆಗಾಲಿಟ್ಟವಳು. ಪುಸ್ತಕದ ಬೆನ್ನು ಬಿಚ್ಚುವುದು ಆಕೆಗೆ ಹೊಸದೇನಲ್ಲ. ಕೊಲೆಯಾದವರ ಪುಸ್ತಕ ಮಾತ್ರ ಇದೇ ಮೊದಲು.

ಪ್ರೊಫೆಸರ್ ಶಾಂತಯ್ಯ ಸಾಲಿಮಠರು ಧಾರವಾಡ ಸಪ್ತಾಪುರದ ಈ ಮನೆಯಲ್ಲಿ, ಇದೇ ಓದುವ ಕೋಣೆಯ ಆರಾಮ ಕುರ್ಚಿಯಲ್ಲಿ, ಕೂತಲ್ಲೇ ಉಸಿರುಗಟ್ಟಿ ಸತ್ತು ಐದು ದಿನವಾಗಿತ್ತು. ಯಾರೋ ಮೂಗು ಬಾಯಿ ಒತ್ತಿ ಹಿಡಿದಿದ್ದರು. ಅವರ ಶಿಷ್ಯ ಅಮರೇಶನನ್ನು ನಿನ್ನೆ ಸಂಜೆ ಹಿಡಿದು ತಂದಿದ್ದರು. ಇವತ್ತು ನಾಲ್ಕು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ಈಗ ಹನ್ನೊಂದೂ ಕಾಲು.

ಅಮರೇಶನ ಮೇಲಿನ ಆರೋಪ ನೋಡಲು ಬಲು ಗಟ್ಟಿಯಾಗಿತ್ತು. ಆ ಸಂಜೆ ಅವನು ಗುರುಗಳ ಮನೆಗೆ ಬಂದದ್ದನ್ನೂ, ಆರೂವರೆಗೆ ಒಬ್ಬನೇ ಹೊರಗೆ ಹೋದದ್ದನ್ನೂ ಎದುರುಮನೆಯವರು ನೋಡಿದ್ದರು. ಮಗಳು ಭಾಗ್ಯಶ್ರೀ ತಾನು ಎಂಟರವರೆಗೆ ತನ್ನ ವಿದ್ಯಾಪೀಠದ ಗ್ರಂಥಾಲಯದಲ್ಲಿದ್ದೆ ಎಂದು ಹೇಳಿಕೆ ಕೊಟ್ಟಿದ್ದಳು. ಹಾಗಾದರೆ ಮನೆಯಲ್ಲಿ ಇದ್ದವರು ಇಬ್ಬರೇ. ಸಾಲದ್ದಕ್ಕೆ ಮೊನ್ನೆ ಅಮರೇಶನ ಹಾಸ್ಟೆಲ್ ಕೋಣೆಯ ಮಂಚದ ಕೆಳಗೆ ಪ್ರೊಫೆಸರರ ಪೋಥಿ ಸಿಕ್ಕಿತ್ತು. ಎರಡು ಹಲಗೆಗಳ ನಡುವೆ ಬಿಡಿ ಹಾಳೆಗಳನ್ನಿಟ್ಟು ಹಳದಿ ವಸ್ತ್ರದಲ್ಲಿ ಕಟ್ಟಿದ ಉದ್ದನೆಯ ಟಿಬೆಟನ್ ಗ್ರಂಥ, ಆ ಮುದುಕರು ಅಮರೇಶನೊಬ್ಬನನ್ನು ಬಿಟ್ಟು ಯಾರಿಗೂ ಮುಟ್ಟಗೊಡದ ಗಂಟು. ಗುರುವನ್ನು ಕೊಂದು ಗ್ರಂಥ ಕದ್ದ ಶಿಷ್ಯ ಎಂದು ಪತ್ರಿಕೆಗಳು ಬರೆದೂ ಆಗಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಆ ತುಂಡನ್ನು ಕತ್ತರಿಸಿ ಫೈಲಿಗೆ ಸೇರಿಸಿದ್ದರು.

ತಸ್ಲೀಮಾಳ ತಲೆ ಕೆಡಿಸಿದ್ದು ಆ ಪೋಥಿಯೇ. ನಿನ್ನೆ ಬೆಳಗ್ಗೆ ಅದನ್ನು ಎತ್ತಿಕೊಂಡು ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋಗಿದ್ದಳು. ಅಲ್ಲಿನ ಎಳೆಯ ವಯಸ್ಸಿನ ಲಾಮಾ ಗಂಟು ಬಿಚ್ಚಿ ನೋಡಿ ಮುಖ ಸಿಂಡರಿಸಿದ. ನಡುವಿನ ಹದಿನೇಳು ಹಾಳೆಗಳು ತಲೆಕೆಳಗಾಗಿದ್ದವು. ಈ ಹಾಳೆಗಳನ್ನು ನಮ್ಮ ಪುಸ್ತಕದ ಹಾಗೆ ಮಗ್ಗುಲಿಗೆ ಮಗುಚುವುದಿಲ್ಲವಂತೆ. ನಮ್ಮ ಕಡೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆತ್ತಿ ಆಚೆಗೆ ಮಗುಚಬೇಕು. ಮಗ್ಗುಲಿಗೆ ಮಗುಚಿದರೆ ಹಿಂಬದಿಯ ಅಕ್ಷರಗಳೆಲ್ಲ ಕಾಲು ಮೇಲಾಗಿ ಬರುತ್ತವೆ. ಯಾರೋ ಈ ಗಂಟಿನಲ್ಲಿ ಅವಸರದಿಂದ ಏನನ್ನೋ ಹುಡುಕಿದ್ದರು, ಕನ್ನಡ ಪುಸ್ತಕ ಮಗುಚುವಂತೆ ಮಗುಚಿದ್ದರು, ಹಾಗೇ ಕಟ್ಟಿ ಇಟ್ಟಿದ್ದರು.

ಅಮರೇಶ ಐದು ವರ್ಷ ಆ ಹಾಳೆಗಳ ಮುಂದೆ ಕೂತವನು. ನಿದ್ದೆಗಣ್ಣಿನಲ್ಲೂ ಅವನ ಕೈ ಆ ತಪ್ಪು ಮಾಡುವುದಿಲ್ಲ. ಹಾಗಾದರೆ ಅದನ್ನು ಅವನ ಮಂಚದ ಕೆಳಗೆ ಇಟ್ಟವರು ಬೇರೆ.

ಇದನ್ನು ಸಾಹೇಬರಿಗೆ ಹೇಳಿದರೆ ಅವರು ಹಲ್ಲಿನ ಸಂದಿಯಲ್ಲಿ ನಕ್ಕಿದ್ದರು. ಹಾಳೆ ಮಗುಚುವ ರೀತಿ ನೋಡಿ ಯಾವ ಕೋರ್ಟೂ ಯಾರನ್ನೂ ಬಿಟ್ಟಿಲ್ಲ, ಮೂರೂವರೆಯೊಳಗೆ ಮೇಜಿನ ಮೇಲೆ ಏನಾದರೂ ಇಟ್ಟರೆ ಸರಿ, ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರಿ ಎಂದಿದ್ದರು. ಠಾಣೆಯ ಕಟ್ಟೆಯ ಮೇಲೆ ಅಮರೇಶನ ತಾಯಿ ಈರವ್ವ ನಿನ್ನೆಯಿಂದ ಕೂತಿದ್ದಳು. ಸುಳ್ಳ ಎಂಬ ಹಳ್ಳಿಯಿಂದ ಉಟ್ಟ ಸೀರೆಯಲ್ಲೇ ಬಂದವಳು. ಅಳುವುದಿಲ್ಲ, ಬಯ್ಯುವುದಿಲ್ಲ. ಯಾರು ಹೊರಗೆ ಬಂದರೂ ಎದ್ದು ನಿಲ್ಲುತ್ತಾಳೆ. ಬೆಳಗ್ಗೆ ತಸ್ಲೀಮಾ ಅವಳ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೊರಬಿದ್ದಿದ್ದಳು. ಅದು ನೆನಪಾಗಿ ಈಗಲೂ ಆಕೆಗೆ ನಾಚಿಕೆಯೆನಿಸಿತು.

ಬ್ಲೇಡು ಬಟ್ಟೆಯನ್ನು ಕೊಯ್ದಿತು.

ಈ ನೋಟ್‌ಬುಕ್ಕು ಸಿಕ್ಕಿದ್ದೂ ಬೆಳಗ್ಗೆಯೇ, ಅದೂ ತನ್ನ ತಂದೆಯ ಅಂಗಡಿಯಲ್ಲಿ. ಪ್ರೊಫೆಸರರು ಹೊಲಿಗೆ ಸಡಿಲವಾಗಿದೆ ಎಂದು ಹತ್ತು ದಿನದ ಹಿಂದೆ ಕೊಟ್ಟುಹೋಗಿದ್ದರಂತೆ. ಮುದುಕ ಅಹಮದಸಾಬರಿಗೆ ಸಾವಿನ ಸುದ್ದಿಯ ಗದ್ದಲದಲ್ಲಿ ಮರೆತೇಹೋಗಿತ್ತು. ಇಲ್ಲಿ ಕಪಾಟಿನಲ್ಲಿ ಒಂದರಿಂದ ಹತ್ತು, ಆಮೇಲೆ ಹನ್ನೆರಡು ಎಂದು ಅಂಥವೇ ನೋಟ್‌ಬುಕ್ಕುಗಳ ಸಾಲು. ನಡುವೆ ಒಂದು ಬೆರಳಗಲ ಖಾಲಿ ಜಾಗ. ತಸ್ಲೀಮಾ ಹನ್ನೊಂದನೆಯದನ್ನು ಆ ಸಂದಿಯಲ್ಲಿ ಇಟ್ಟು ನೋಡಿದಾಗ ಸರಿಯಾಗಿ ಕೂತಿತ್ತು.

ಬೆನ್ನಿನ ಒಳಗೆ, ಹೊಲಿಗೆಯ ಮೇಲೆ, ಹಳೇ ದಿನಪತ್ರಿಕೆಯ ಉದ್ದನೆಯ ತುಂಡೊಂದು ಅಂಟಿಕೊಂಡಿತ್ತು. ಬೈಂಡರುಗಳು ಬೆನ್ನು ಬಿಗಿಯಾಗಲಿ ಎಂದು ಕೈಗೆ ಸಿಕ್ಕ ರದ್ದಿಯನ್ನು ಹಚ್ಚುವುದು ವಾಡಿಕೆ. ಬರೆದವರಿಗೂ ಅದು ಅಲ್ಲಿರುವುದು ಗೊತ್ತಿರುವುದಿಲ್ಲ. ತಸ್ಲೀಮಾ ಒದ್ದೆ ಬಟ್ಟೆ ಒತ್ತಿ, ಉಗುರಿನಿಂದ ಅಂಟನ್ನು ಕೆರೆದು, ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಸಿನಿಮಾ ಜಾಹೀರಾತಿನ ಅರ್ಧ, ಹತ್ತಿ ದರದ ಸಾಲು ಒಂದಷ್ಟು. ಮೇಲಿನ ಅಂಚಿನಲ್ಲಿ ತಾರೀಖು. ಆಗಸ್ಟ್ ಹನ್ನೆರಡು, ಸಾವಿರದ ಒಂಬೈನೂರ ಎಂಬತ್ತೆಂಟು.

ಅಂದರೆ ಈ ನೋಟ್‌ಬುಕ್ಕು ಮೂವತ್ತೇಳು ವರ್ಷ ಹಳೆಯದು. ಇದನ್ನು ಯಾರೂ ನಿನ್ನೆ ಮೊನ್ನೆ ಬರೆದು ಹಳೆಯದೆಂದು ತೋರಿಸುವಂತಿಲ್ಲ, ಯಾಕೆಂದರೆ ಪ್ರೊಫೆಸರರು ಬರೆದು ಮುಗಿಸಿದ ಹಾಳೆಗಳನ್ನೇ ತಂದು ಹೊಲಿಸುತ್ತಿದ್ದರು, ಆ ಹೊಲಿಗೆ ಒಮ್ಮೆಯೂ ಬಿಚ್ಚಿರಲಿಲ್ಲ.

"ಏನರ ಸಿಕ್ಕಿತೇನು?" ಎಂದಳು ಭಾಗ್ಯಶ್ರೀ. ನಲವತ್ತರ ಹೆಂಗಸು, ತಂದೆಯದೇ ಉದ್ದ ಮೂಗು, ತಂದೆಯದೇ ನಿಧಾನ. ಚಹಾ ಬೇಕೇ ಎಂದು ಮೂರು ಸಲ ಕೇಳಿದ್ದಳು, ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಆ ಕೋಣೆಗೆ ಬರಲು ಮನಸ್ಸಾಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ತಂದೆ ಸತ್ತ ಕೋಣೆ, ಆಗದಿರುವುದು ಸಹಜವೇ ಎಂದು ತಸ್ಲೀಮಾ ಒತ್ತಾಯಿಸಿರಲಿಲ್ಲ.

ತಾರೀಖು ಸಿಕ್ಕಿತು ಎಂದಷ್ಟೇ ಹೇಳಿದಳು ತಸ್ಲೀಮಾ. ಪೋಥಿಯನ್ನು ನೀವು ಯಾವಾಗಲಾದರೂ ಬಿಚ್ಚಿ ನೋಡಿದ್ದಿರಾ ಎಂದು ಸುಮ್ಮನೆ ಕೇಳಿದಳು.

"ಅಪ್ಪಾಜಿ ಮುಟ್ಟಾಕ ಬಿಟ್ಟರ ತಾನ? ಮಗಳಿಗೆ ಇಲ್ಲದ್ದು ಅಮರೇಶಗ ಇತ್ತು," ಎಂದು ಭಾಗ್ಯಶ್ರೀ ಸೆರಗಿನಿಂದ ಕೈ ಒರೆಸಿಕೊಂಡು ಅಡಿಗೆಮನೆಗೆ ಹೋದಳು.

ಶಾಂತಯ್ಯನವರು ಬದುಕಿನಲ್ಲಿ ಯಾವುದನ್ನೂ ಬೇಗ ಮಾಡಿದವರಲ್ಲ. ಸುಳ್ಳದ ಅಯ್ಯನವರ ಮನೆಯಲ್ಲಿ ಹುಟ್ಟಿ, ನಾಲ್ಕೂರ ಮದುವೆ ಮಾಡಿಸಿಕೊಂಡು ಆರಾಮಾಗಿ ಇರಬಹುದಿತ್ತು. ಸಂಸ್ಕೃತ ಓದಲೆಂದು ಧಾರವಾಡಕ್ಕೆ ಬಂದವರು ಬೌದ್ಧ ದರ್ಶನದ ಬೆನ್ನು ಹತ್ತಿದರು. ಲಿಂಗ ಕಟ್ಟಿದ ಬುದ್ಧ ಎಂದು ಊರವರು ನಕ್ಕರು. ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಷ್ಟೇ ಉಳಿದ ಒಂದು ಗ್ರಂಥವನ್ನು ಮತ್ತೆ ಸಂಸ್ಕೃತಕ್ಕೆ ತರುವ ಹುಚ್ಚು ಹಿಡಿಯಿತು. ಐದು ವರ್ಷ ಪ್ರತಿ ಶುಕ್ರವಾರ ಸಂಜೆ ಮುಂಡಗೋಡದ ಬಸ್ಸು ಹತ್ತಿ, ಒಬ್ಬ ಮುದಿ ಲಾಮಾನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಭಾನುವಾರ ಸಂಜೆ ಮರಳುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ರೀಡರ್ ಆಗಿಯೇ ಉಳಿದರು. ಪ್ರೊಫೆಸರ್ ಎಂಬ ಹೆಸರು ಸಿಕ್ಕಿದ್ದು ನಿವೃತ್ತಿಗೆ ಎರಡು ವರ್ಷವಿದ್ದಾಗ. ಸ್ವಂತದ್ದೆಂದು ಒಂದು ಪುಸ್ತಕವಿಲ್ಲ. ಕೇಳಿದರೆ ಇನ್ನೊಮ್ಮೆ ತಿದ್ದಬೇಕು ಎನ್ನುತ್ತಿದ್ದರು.

ಕಮರಿಪೇಟೆಯ ಅಂಗಡಿಯಲ್ಲಿ ಬೈಂಡಿಂಗ್ ಮುಗಿಯುವವರೆಗೆ ಕೂತು ಹುಡುಗಿ ತಸ್ಲೀಮಾಳಿಗೆ ಅವರು ತರ್ಕ ಹೇಳಿಕೊಟ್ಟಿದ್ದರು. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಅನ್ನುತ್ತೀ, ನೀನು ಹೊಗೆ ಅಂದುಕೊಂಡದ್ದು ಮಂಜಾಗಿದ್ದರೆ ಏನು ಮಾಡುತ್ತೀ ಎಂದು ಕೇಳಿ, ಉತ್ತರಕ್ಕೆ ಅರ್ಧ ಗಂಟೆ ಕಾಯುತ್ತಿದ್ದರು. ಅಷ್ಟು ಹೊತ್ತು ಕಾದವರನ್ನು ಆಕೆ ಬೇರೆಲ್ಲೂ ಕಂಡಿರಲಿಲ್ಲ. ಆ ಮನುಷ್ಯನ ಮೂಗನ್ನು ಯಾರೋ ಒತ್ತಿ ಹಿಡಿದಿದ್ದರು.

ನೋಟ್‌ಬುಕ್ಕಿನ ತುಂಬ ಸಂಸ್ಕೃತ. ಅದು ಆಕೆಗೆ ದಕ್ಕುವಂಥದಲ್ಲ. ಆದರೆ ನಡುವೆ ಒಂದು ಪುಟದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಕನ್ನಡದ ಟಿಪ್ಪಣಿಯಿತ್ತು.

'ಇಲ್ಲಿ ಎರಡನೆಯ ಉತ್ತರ ಬಿಟ್ಟುಹೋಗಿದೆ. ಅಂದು ಪೋಥಿಯ ಮೇಲೆ ಬೆಣ್ಣೆ ಚಹಾ ಬಿದ್ದು ಎರಡು ಹಾಳೆ ಅಂಟಿಕೊಂಡಿದ್ದವು. ಒಂದೇ ಎಂದು ತಿಳಿದು ಮಗುಚಿದೆ. ತಪ್ಪು ನನ್ನದು. ಇಂದು ಬಿಡಿಸಿ ನೋಡಿದೆ. ೧೯೯೬.'

ತಸ್ಲೀಮಾ ಅದನ್ನು ಎರಡು ಸಲ ಓದಿದಳು. ಮೊನ್ನೆಯಷ್ಟೇ ಇಲ್ಲಿ ತಾನು ತಿರುವಿ ನೋಡಿದ್ದ ಪುಸ್ತಕವೊಂದು ನೆನಪಾಯಿತು.

ಕಪಾಟಿನಲ್ಲಿ, ಕಣ್ಣಿಗೆ ಬೀಳುವಂತೆ, ಬಂಗಾರದ ಅಕ್ಷರದ ದಪ್ಪ ಗ್ರಂಥವೊಂದಿತ್ತು. ಪ್ರೊಫೆಸರ್ ಗುರುಬಸವ ಅಂಗಡಿಯವರ ಸಂಶೋಧನೆ. ಹನ್ನೆರಡು ವರ್ಷದ ಹಿಂದೆ ನೇಪಾಳದ ಒಂದು ಮನೆಯಲ್ಲಿ ತಮಗೆ ಅದೇ ಗ್ರಂಥದ ಕಳೆದುಹೋದ ಸಂಸ್ಕೃತ ಮೂಲದ, ಸಾವಿರ ವರ್ಷ ಹಳೆಯ ತಾಳೆಗರಿ ಸಿಕ್ಕಿತೆಂದು ಅವರು ಜಗತ್ತಿಗೆಲ್ಲ ಸಾರಿದ್ದರು. ಆ ಒಂದು ಪುಸ್ತಕದಿಂದ ಪ್ರಶಸ್ತಿ ಬಂತು, ಶಾಲು ಬಂತು, ನವನಗರದಲ್ಲಿ ಸೌಗತ ವಿದ್ಯಾಪೀಠ ಎಂಬ ಮೂರಂತಸ್ತಿನ ಸಂಸ್ಥೆಯೇ ಎದ್ದು ನಿಂತಿತು. ಎಲ್ಲವೂ ಕ್ಷಣಕ್ಷಣಕ್ಕೂ ಅಳಿಯುವುದಾದರೆ ನಿನ್ನೆಯದನ್ನು ನೆನೆಯುವವರು ಯಾರು, ಇದು ಗ್ರಂಥದ ಪ್ರಶ್ನೆ. ಗ್ರಂಥಕರ್ತ ನಾಲ್ಕು ಉತ್ತರ ಕೊಡುತ್ತೇನೆ ಎಂದು ಹೇಳಿ ಮೂರನ್ನೇ ಕೊಡುತ್ತಾನೆ. ಎರಡನೆಯ ಜಾಗದಲ್ಲಿ ಏನೂ ಇಲ್ಲ. ಗುರುಬಸವರು ತಮ್ಮ ಕನ್ನಡ ಪ್ರಸ್ತಾವನೆಯಲ್ಲಿ ಈ ಇಲ್ಲದ ಉತ್ತರದ ಮೇಲೆ ಹದಿನಾಲ್ಕು ಪುಟ ಬರೆದಿದ್ದರು. ಅದು ಮಹಾಗುರುವಿನ ಮೌನವಂತೆ. ಮಾತು ಸೋಲುವಲ್ಲಿ ಜ್ಞಾನ ಮೊದಲಾಗುತ್ತದಂತೆ.

ಮೌನವೂ ಇಲ್ಲ, ಮಣ್ಣೂ ಇಲ್ಲ. ಮುಂಡಗೋಡದಲ್ಲಿ ಯಾರೋ ಚೆಲ್ಲಿದ ಚಹಾ.

ಸಾವಿರ ವರ್ಷದ ಹಿಂದೆ ಬರೆದ ತಾಳೆಗರಿಗೆ ಮೂವತ್ತೇಳು ವರ್ಷದ ಹಿಂದೆ ಬಿದ್ದ ಚಹಾ ಅಂಟುವುದು ಸಾಧ್ಯವಿಲ್ಲ. ತಾಳೆಗರಿಯಲ್ಲಿ ಇದ್ದದ್ದು ಈ ನೋಟ್‌ಬುಕ್ಕಿನ ನಕಲು. ಶಾಂತಯ್ಯನವರು ಬಾಯಿಬಿಟ್ಟರೆ ನವನಗರದ ಮೂರಂತಸ್ತೂ ಕುಸಿಯುತ್ತದೆ. ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಹೊರಡುತ್ತೇನೆ ಎಂದು ಹೇಳಲು ಅಡಿಗೆಮನೆಗೆ ಇಣುಕಿದರೆ ಭಾಗ್ಯಶ್ರೀ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ರೊಟ್ಟಿ ಯಾಕೆ ಎಂದು ಕೇಳುವ ವ್ಯವಧಾನ ತಸ್ಲೀಮಾಳಿಗೆ ಇರಲಿಲ್ಲ. ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ಜೀಪು ಹತ್ತಿದಳು.

*

ಪ್ರೊಫೆಸರ್ ಗುರುಬಸವ ಅಂಗಡಿಯವರ ಕೋಣೆ ದೊಡ್ಡದು, ತಣ್ಣಗಿನದು. ಹುಬ್ಬಳ್ಳಿಯ ಹಳೆಯ ಹತ್ತಿ ವ್ಯಾಪಾರಿಗಳ ಮನೆತನ ಅವರದು. ಬಂದವರನ್ನು ಮೊದಲು ಕೂರಿಸಿ, ಚಹಾ ತರಿಸಿ, ಆಮೇಲೆ ಅಳೆಯುವ ಗುಣ ರಕ್ತದಲ್ಲೇ ಬಂದಿತ್ತು. ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಆ ಪ್ರಸಿದ್ಧ ತಾಳೆಗರಿಗಳು, ಮೇಲೆ ಸಣ್ಣ ದೀಪ.

ಶಾಂತಯ್ಯನವರು ಸತ್ತ ಸಂಜೆ ತಾವು ಹುಬ್ಬಳ್ಳಿಯಲ್ಲಿ ತಮ್ಮದೇ ಸನ್ಮಾನದ ವೇದಿಕೆಯ ಮೇಲೆ ನಾನೂರು ಜನರ ಎದುರು ಕೂತಿದ್ದುದನ್ನು ಅವರು ಮೊದಲೇ ಹೇಳಿದ್ದರು. ಅದು ಸುಳ್ಳಲ್ಲ. ಆದರೆ ದುಡ್ಡಿರುವವರ ಕೈ ಅವರ ಮೈಗಿಂತ ದೂರ ಚಾಚುತ್ತದೆ ಎಂಬುದು ಏಳು ವರ್ಷದ ಪೊಲೀಸ್ ಕೆಲಸದಲ್ಲಿ ತಸ್ಲೀಮಾ ಕಂಡ ಸತ್ಯ.

ಆಕೆ ನೇರವಾಗಿ ವಿಷಯಕ್ಕೆ ಬರಲಿಲ್ಲ. ಕಪಾಟಿನಲ್ಲಿದ್ದ ಒಂದು ಟಿಬೆಟನ್ ಪೋಥಿಯನ್ನು ತೋರಿಸಿ, ಇದನ್ನು ಹೇಗೆ ಓದುತ್ತಾರೆ ಸರ್, ಒಂದು ಹಾಳೆ ಮಗುಚಿ ತೋರಿಸಿ ಎಂದು ಕೇಳಿದಳು. ಈ ಮನುಷ್ಯನಿಗೆ ಟಿಬೆಟನ್ ಬಾರದು ಎಂದು ಇಡೀ ಧಾರವಾಡ ಆಡಿಕೊಳ್ಳುತ್ತಿತ್ತು. ಈಗ ಮಗ್ಗುಲಿಗೆ ಮಗುಚಿದರೆ ಮುಗಿಯಿತು.

ಗುರುಬಸವರು ಗಂಟು ಬಿಚ್ಚಿದರು. ಮೇಲಿನ ಹಲಗೆ ತೆಗೆದರು. ಎರಡೂ ಕೈಯ ಬೆರಳಿನಿಂದ ತಮ್ಮ ಕಡೆಯ ಅಂಚನ್ನು ಹಗುರವಾಗಿ ಎತ್ತಿ, ಹಾಳೆಯನ್ನು ಆಚೆಗೆ ಮಗುಚಿ ಇಟ್ಟರು. ಅಕ್ಷರಗಳು ನೆಟ್ಟಗೆ ನಿಂತವು.

"ಪರೀಕ್ಷೆ ತಗೊಂಡ್ರಿ ಅಂತ ಗೊತ್ತಾತು," ಎಂದರು. "ಎಂಬತ್ತಾರರಾಗ ಎರಡು ವರ್ಷ ನಾನೂ ಶಾಂತಯ್ಯನ ಜೋಡಿ ಮುಂಡಗೋಡಕ್ಕ ಹೋಗೀನಿ. ಭಾಷೆ ತಲೀಗೆ ಹತ್ತಲಿಲ್ಲ. ಹಾಳಿ ತಿರುವೂದು ಕೈಗೆ ಹತ್ತಿತು."

ತಸ್ಲೀಮಾ ಇಷ್ಟು ಹೊತ್ತು ಕಟ್ಟಿಕೊಂಡು ಬಂದದ್ದರ ಒಂದು ಮೂಲೆ ಕುಸಿದಿತ್ತು. ಪೋಥಿಯನ್ನು ಕಟ್ಟಿಟ್ಟವರು ಇವರಲ್ಲ. ಕೂಲಿಯವರನ್ನು ಕಳಿಸಿದ್ದರೆ? ಕೂಲಿಯವರು ಹಾಳೆಗಳ ನಡುವೆ ಏನು ಹುಡುಕುತ್ತಾರೆ?

ಇನ್ನು ಉಳಿದದ್ದು ನೋಟ್‌ಬುಕ್ಕು. ತೆರೆದು ಅವರ ಮುಂದೆ ಇಟ್ಟಳು. ಅಂಚಿನ ಟಿಪ್ಪಣಿಯ ಮೇಲೆ ಬೆರಳಿಟ್ಟು, ಬೆನ್ನಿನೊಳಗಿನ ಪತ್ರಿಕೆಯ ತಾರೀಖನ್ನೂ ತೋರಿಸಿದಳು. ನಿಮ್ಮ ಹದಿನಾಲ್ಕು ಪುಟದ ಮೌನ ಎಲ್ಲಿಂದ ಬಂತು ಎಂದು ಕೇಳಿದಳು.

ಗುರುಬಸವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಪೆಟ್ಟಿಗೆಯತ್ತ ನೋಡಿದರು.

"ಆ ಗರಿ ಬರೆಸಿದಾವ ನಾನ," ಎಂದರು. "ತೊಂಬತ್ತರಾಗ ಅಂವಾ ಓದಾಕಂತ ಈ ನೋಟ್‌ಬುಕ್ ಕೊಟ್ಟಿದ್ದ. ನಾ ಝರಾಕ್ಸ್ ಮಾಡಿಸಿಟ್ಟುಕೊಂಡೆ. ಇದು ಕಳವು, ಇದಕ್ಕ ಏನ್ ಶಿಕ್ಷೆ ಐತಿ ಕೊಡಸ್ರಿ. ಕೊಲಿ ಮಾತ್ರ ನನ್ನ ಮ್ಯಾಲೆ ಹಾಕಬ್ಯಾಡ್ರಿ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ತಸ್ಲೀಮಾಳಿಗೆ ಭಯ. ದೊಡ್ಡದನ್ನು ಉಳಿಸಿಕೊಳ್ಳಲು ಸಣ್ಣದನ್ನು ಬಿಟ್ಟುಕೊಡುತ್ತಾರೆ. ಹನ್ನೆರಡು ವರ್ಷ ಶಾಂತಯ್ಯನವರು ಸುಮ್ಮನಿದ್ದರೇ, ಅವರಿಗೆ ಇದು ಗೊತ್ತಾಗಲೇ ಇಲ್ಲವೇ ಎಂದು ಕೇಳಿದಳು.

ಪುಸ್ತಕ ಬಂದ ಮರುದಿನವೇ ಗೊತ್ತಾಯಿತು ಎಂದರು ಗುರುಬಸವರು. ಶಾಂತಯ್ಯ ಮನೆಗೆ ಬಂದು ಎದುರು ಕೂತಿದ್ದನಂತೆ. ಬಯ್ಯಲಿಲ್ಲ, ಕೂಗಾಡಲಿಲ್ಲ. ಒಂದೇ ಒಂದು ಕೇಳಿದ.

"ಮಗಳಿಗೆ ಕೆಲಸ ಇರಲಿಲ್ಲ. 'ಭಾಗ್ಯಾಗ ನೀ ಕಟ್ಟೂ ವಿದ್ಯಾಪೀಠದಾಗ ಒಂದು ಜಾಗಾ ಕೊಡು, ನಾ ಬಾಯಿ ತೆಗ್ಯಾಂಗಿಲ್ಲ' ಅಂದ. ಕೊಟ್ಟೆ. ಇವತ್ತ ಆಕಿ ಅಸೋಸಿಯೇಟ್ ಪ್ರೊಫೆಸರ್ ಅದಾಳ. ನನ್ನ ಗರಿ ಸುಳ್ಳಂದ್ರ ಆಕಿ ಹುದ್ದೆನೂ ಸುಳ್ಳು, ಆಕಿ ಥೀಸಿಸ್ಸೂ ಸುಳ್ಳು. ಅದ ಗರಿ ಮ್ಯಾಲೇನ ಬರದಾಳ."

ತಂದೆಯ ಅಂಗಡಿಯಲ್ಲಿ ಉತ್ತರಕ್ಕಾಗಿ ಅರ್ಧ ಗಂಟೆ ಕಾಯುತ್ತಿದ್ದ ಆ ಮನುಷ್ಯ, ಒಂದು ತಪ್ಪು ಕಂಡರೆ ಎಂಟು ವರ್ಷದ ಮೇಲೂ ಅಂಚಿನಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದ ಮನುಷ್ಯ, ಮಗಳ ನೌಕರಿಗಾಗಿ ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ. ತಸ್ಲೀಮಾಳಿಗೆ ನಂಬಲು ಮನಸ್ಸು ಬರಲಿಲ್ಲ, ನಂಬದೆ ಇರಲು ದಾರಿಯಿರಲಿಲ್ಲ. ಅವರ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಬಂದಿತಲ್ಲ ಎಂದು ತನ್ನ ಮೇಲೂ ಬಂತು.

ಗುರುಬಸವರು ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಮುಂದಕ್ಕೆ ಸರಿಸಿದರು. ಸಾಯುವ ನಾಲ್ಕು ದಿನ ಮೊದಲು ಬಂದದ್ದು. ಅಕ್ಷರ ಶಾಂತಯ್ಯನವರದೇ.

'ಗುರುಬಸವ, ಅಮರೇಶನ ಪ್ರಬಂಧ ಮುಗಿದಿದೆ. ಅದರಲ್ಲಿ ಎರಡನೆಯ ಉತ್ತರ ಇದೆ. ಅವನು ಅದನ್ನು ಉಳಿಸಿಕೊಂಡರೆ ನಿನ್ನ ಗರಿಯನ್ನು ನಂಬಿದ ಪರೀಕ್ಷಕರು ಅವನನ್ನು ಕೆಡವುತ್ತಾರೆ. ತೆಗೆದುಹಾಕಿದರೆ ನಾನೇ ಅವನನ್ನು ಕೆಡವಬೇಕಾಗುತ್ತದೆ. ನನ್ನ ಸುಳ್ಳನ್ನು ಆ ಹುಡುಗ ಯಾಕೆ ಹೊರಬೇಕು? ಬರುವ ತಿಂಗಳ ಮೊದಲ ವಾರ ಎಲ್ಲವನ್ನೂ ಅಚ್ಚಿಗೆ ಕೊಡುತ್ತೇನೆ. ಬರೆದದ್ದು ಪೋಥಿಯೊಳಗೆ ಜೋಪಾನವಾಗಿದೆ. ಭಾಗ್ಯಳಿಗೂ ಹೇಳಿದೆ. ಅವಳು ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.'

ಪೋಥಿಯೊಳಗೆ. ಹುಡುಕಿದವರಿಗೆ ಏನು ಬೇಕಿತ್ತು ಎಂಬುದು ಈಗ ಗೊತ್ತಾಯಿತು.

ಈ ಪತ್ರವನ್ನು ಐದು ದಿನ ಯಾಕೆ ಮುಚ್ಚಿಟ್ಟಿರಿ ಎಂದು ತಸ್ಲೀಮಾ ಕೇಳಿದಳು. ಪತ್ರ ಹೊರಬಿದ್ದರೆ ತಾಳೆಗರಿಯೂ ಹೊರಬೀಳುತ್ತದಲ್ಲ, ಹುಡುಗ ಸಿಕ್ಕಿಬಿದ್ದ, ಎಲ್ಲ ತಣ್ಣಗಾಗುತ್ತದೆ ಅಂದುಕೊಂಡೆ ಎಂದರು ಅವರು, ನಾಚಿಕೆಯಿಲ್ಲದೆ. ಒಬ್ಬ ತಾಯಿ ಠಾಣೆಯ ಕಟ್ಟೆಯ ಮೇಲೆ ಕೂತಿರುವುದು ಈ ತಣ್ಣನೆಯ ಕೋಣೆಯವರೆಗೆ ಬಂದಿರಲಿಲ್ಲ. ತಸ್ಲೀಮಾಳಿಗೆ ಅವರ ಮುಖಕ್ಕೆ ಆ ಚಹಾ ಎರಚುವಷ್ಟು ರೋಷ ಬಂತು.

ಸಿಟ್ಟನ್ನು ನುಂಗಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಆ ದಿನ ಭಾಗ್ಯಶ್ರೀ ಎಂಟರವರೆಗೆ ನಿಮ್ಮ ಗ್ರಂಥಾಲಯದಲ್ಲಿ ಇದ್ದರೇ?

"ಅವತ್ತ ನನ್ನ ಸನ್ಮಾನ ಇತ್ತಲ್ರಿ," ಎಂದರು ಗುರುಬಸವರು. "ಎಲ್ಲಾರೂ ಬರ್ಲಿ ಅಂತ ಮೂರು ಗಂಟೇಕ ಇಡೀ ವಿದ್ಯಾಪೀಠಕ್ಕ ಕೀಲಿ ಹಾಕಿಸೇನಿ. ಕೀಲಿ ನನ್ನ ಕಿಸೇದಾಗಿತ್ತು. ಸನ್ಮಾನಕ್ಕ ಎಲ್ಲಾರೂ ಬಂದಿದ್ರು. ಭಾಗ್ಯಶ್ರೀ ಒಬ್ಬಾಕಿ ಬಂದಿದ್ದಿಲ್ಲ."

*

ತಸ್ಲೀಮಾ ಪತ್ರವನ್ನೂ ನೋಟ್‌ಬುಕ್ಕನ್ನೂ ಎದೆಗವಚಿಕೊಂಡು ಮೆಟ್ಟಿಲು ಇಳಿದಳು. ಗಂಟೆ ಎರಡಾಗಲು ಹತ್ತು ನಿಮಿಷ. ಸಾಹೇಬರ ಮೇಜಿನ ಮೇಲೆ ಇಡಲು ಈಗ ಕೈ ತುಂಬ ಇತ್ತು. ಈ ಪತ್ರ ನೋಡಿದ ಮೇಲೆ ಯಾವ ಸಾಹೇಬನೂ ಆ ಹುಡುಗನನ್ನು ಕೋರ್ಟಿಗೆ ಎಳೆಯುವುದಿಲ್ಲ. ಈರವ್ವನ ಮುಂದೆ ಹೋಗಿ ನಿಲ್ಲಬಹುದು, ಕಣ್ಣಿಗೆ ಕಣ್ಣಿಟ್ಟು ಮಾತಾಡಬಹುದು ಎಂದು ನೆನೆದು ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು.

ಜೀಪಿನ ಬಾಗಿಲು ತೆಗೆಯುವಾಗ ಫೋನು ಬಂತು. ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅಜರುದ್ದೀನ.

"ಮೇಡಮ್, ಹುಡುಗ ಒಪ್ಪಿಕೊಂಡಾನ್ರಿ. ತಾನ ಕೊಂದೇನಿ ಅಂತ ಸ್ವಂತ ಕೈಲೆ ಬರದುಕೊಟ್ಟಾನ."

ಯಾರು ಹೊಡೆದರು ಎಂದು ಕೇಳಿದಳು ತಸ್ಲೀಮಾ. ಯಾರೂ ಬೆರಳು ಹಚ್ಚಿಲ್ಲ ಎಂದು ಅಜರುದ್ದೀನ ಆಣೆ ಮಾಡಿದ. ಹನ್ನೆರಡೂವರೆಗೆ ಭಾಗ್ಯಶ್ರೀ ಮೇಡಮ್ ಬುತ್ತಿ ಕಟ್ಟಿಕೊಂಡು ಬಂದಿದ್ದರಂತೆ. ತಂದೆಯ ಶಿಷ್ಯ, ಎಷ್ಟಾದರೂ ಮನೆಯ ಹುಡುಗನಂತೆ ಇದ್ದವನು, ಒಂದು ತುತ್ತು ಕೊಟ್ಟು ಹೋಗುತ್ತೇನೆ ಎಂದು ಕೇಳಿಕೊಂಡರಂತೆ. ಸಾಹೇಬರು ಹತ್ತು ನಿಮಿಷ ಬಿಟ್ಟರು. ಅವರು ಹೋದ ಮೇಲೆ ಅಮರೇಶ ರೊಟ್ಟಿ ಮುಟ್ಟಲಿಲ್ಲ. ಹಾಳೆ, ಪೆನ್ನು ಕೇಳಿದ.

"ಏನ್ ಬರದಾನ, ಓದ್ರಿ."

ಅಜರುದ್ದೀನ ಶಾಲೆಯ ಹುಡುಗನಂತೆ ತಡವರಿಸುತ್ತ ಓದಿದ. ಗುರುಗಳು ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾಗ ಅವರದೇ ಹಸಿರು ಉಣ್ಣೆಯ ಮಫ್ಲರಿನಿಂದ ಮೂಗು ಬಾಯಿ ಒತ್ತಿ ಹಿಡಿದೆ. ನನಗೆ ಯಾರೂ ಹೇಳಿಕೊಟ್ಟಿಲ್ಲ.

ತಸ್ಲೀಮಾ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡಳು. ದಿಂಬಿನಿಂದ ಒತ್ತಿದ್ದಾರೆ ಎಂದೇ ಇನ್ಸ್‌ಪೆಕ್ಟರರೂ ನಂಬಿದ್ದರು, ಪತ್ರಿಕೆಗಳೂ ಬರೆದಿದ್ದವು. ಸತ್ತವರ ಗಂಟಲಿನಲ್ಲಿ ಹಸಿರು ಉಣ್ಣೆಯ ಎಳೆಗಳು ಸಿಕ್ಕಿವೆ ಎಂಬ ವೈದ್ಯರ ಎರಡನೆಯ ವರದಿ ಮೊಹರು ಮಾಡಿದ ಲಕೋಟೆಯಲ್ಲಿ ಬಂದದ್ದು ಇಂದು ಬೆಳಗ್ಗೆ ಒಂಬತ್ತಕ್ಕೆ. ಅದನ್ನು ಒಡೆದು ಓದಿದವಳು ತಾನೊಬ್ಬಳೇ. ಅದು ಇನ್ನೂ ತನ್ನ ಅಂಗಿಯ ಜೇಬಿನಲ್ಲೇ ಇತ್ತು. ಲಾಕಪ್ಪಿನೊಳಗೆ ಕೂತ ಹುಡುಗನಿಗೆ ಅದು ಗೊತ್ತಾಗಬೇಕಾದರೆ ಅವನೇ ಕೊಂದಿರಬೇಕು. ಇಲ್ಲವೇ, ಕೊಂದವರು ಇಂದು ಅವನ ಎದುರು ಹತ್ತು ನಿಮಿಷ ಕೂತು ಎದ್ದು ಹೋಗಿರಬೇಕು.

ಹೇಳಿಕೊಟ್ಟದ್ದಾಯಿತು ಸರಿ. ಆದರೆ ಆ ಹುಡುಗ ಯಾಕೆ ಒಪ್ಪಿದ? ನೇಣಿಗೆ ಕೊರಳು ಕೊಡುವಂಥ ಯಾವ ಮಾತನ್ನು ಹತ್ತು ನಿಮಿಷದಲ್ಲಿ ಹೇಳಬಹುದು?

"ಅಜರುದ್ದೀನ," ಎಂದಳು. "ಈರವ್ವ ಎಲ್ಲೆ ಅದಾಳ?"

"ಕಟ್ಟಿ ಮ್ಯಾಲೆ ಇಲ್ರಿ ಮೇಡಮ್. ನಿನ್ನೆಯಿಂದ ಉಪಾಸ ಅದಾಳ, ಮನ್ಯಾಗ ಉಣಿಸಿ ಮಲಗಸ್ತೇನಿ ಅಂತ ಭಾಗ್ಯಶ್ರೀ ಮೇಡಮ್ಮರು ಆಕೀನ ತಮ್ಮ ಕಾರಿನ್ಯಾಗ ಕೂರಿಸಿಕೊಂಡು ಹೋದ್ರು. ಹುಡುಗ ಕಿಟಕ್ಯಾಗಿಂದ ನೋಡಕೋತ ನಿಂತಿದ್ದ."

"ಸಪ್ತಾಪುರಕ್ಕ ಹೋದ್ರೇನು?"

"ಅದ ನನಗೂ ತಿಳೀಲಿಲ್ರಿ ಮೇಡಮ್. ಕಾರು ಮನಿ ಕಡೆ ಹೋಗಲಿಲ್ಲ, ಊರ ಹೊರಗ ಕಲಘಟಗಿ ರಸ್ತೇಕ ಹೊಳ್ಳಿತು."